ಹೊಲಿಗೆ ಬಿಚ್ಚುವವಳು

ಆಸ್ಪತ್ರೆ ಕ್ವಾರ್ಟರ್ಸ್,
ಹದಿನೇಳನೇ ತಾರೀಖು, ಭಾನುವಾರ

ಅಕ್ಕನಿಗೆ,

ಮೊದಲು 'ಪ್ರೀತಿಯ' ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಗುರುತು ಕಾಣುತ್ತಿರಬಹುದು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಬೇಕೆಂದೇ ತೆಗೆದುಕೊಳ್ಳಲಿಲ್ಲ.

ನಿನ್ನ ಮೇಲ್ ಬಂದು ತಿಂಗಳ ಮೇಲಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವುದು ಪದ್ಧತಿ, ಕೇಳಿದೆ ಎಂದುಕೋ. ಪುರುಸೊತ್ತಿರಲಿಲ್ಲ ಎನ್ನುವುದು ಅರ್ಧ ನಿಜ, ಉಳಿದರ್ಧ ಸಿಟ್ಟು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತನಾಡುತ್ತೀಯ, ಅದೇ ಕಷ್ಟ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತನಾಡಿ, ನಾನು ಯಾಕೆ ಫೋನ್ ಮಾಡಿದ್ದೆ ಎನ್ನುವುದನ್ನೇ ಮರೆಸಿ, ಕೊನೆಗೆ ನನ್ನ ಬಾಯಿಂದಲೇ "ಸರಿ ಅಕ್ಕ, ಹಾಗೇ ಮಾಡೋಣ" ಎನ್ನಿಸಿಬಿಡುತ್ತೀಯ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದು ಕೂತಿದ್ದೇನೆ.

ಅಮ್ಮನ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದನ್ನು ನೀನು ಓದುವುದಿಲ್ಲ. ಗಾಬರಿ ಬೇಡ, ಅವಳು ಪಕ್ಕದ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಮಲಗಿದ್ದಾಳೆ, ನಡುನಡುವೆ ವಾರ್ತೆ ಓದುವವನಿಗೆ ಬೈಯುತ್ತಿದ್ದಾಳೆ. ಬೈಯುವಷ್ಟು ಶಕ್ತಿ ಇದೆ ಎಂದರೆ ಕ್ಷೇಮ ಎಂದೇ ಅರ್ಥ.

ಈಗ ನಿನ್ನ ಮೇಲ್. ಈ ವರ್ಷವೂ ತಂಡ ಕಟ್ಟಿಕೊಂಡು ಬರುತ್ತೀಯ, ಇಬ್ಬರು ಹಿರಿಯ ಸರ್ಜನ್‌ಗಳು, ನಾಲ್ವರು ಕಲಿಯುವ ಹುಡುಗರು, ನಿಮ್ಮದೇ ನರ್ಸುಗಳು. ನಾನು ಮುಂಚಿತವಾಗಿ ರೋಗಿಗಳನ್ನು ಆರಿಸಿಡಬೇಕು. "ಆದಷ್ಟು ಹರ್ನಿಯಾ ಇರಲಿ, ತೀರಾ ತೊಡಕಿನದು ಬೇಡ, ನಮ್ಮ ಹುಡುಗರಿಗೆ ಕೈ ಕೂರಬೇಕು." ಮೊದಲ ದಿನದ ಮೊದಲ ಆಪರೇಷನ್ನಿನ ಜಾಗ ಮಾತ್ರ ಖಾಲಿ ಇಡಬೇಕು, ಅದು ಯಾರಿಗೆಂದು ಬಂದ ಮೇಲೆ ಹೇಳುತ್ತೀಯ. ಕೊನೆಯಲ್ಲಿ ಒಂದು ನಗುವ ಮುಖದ ಚಿತ್ರ.

ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಆಹ್ವಾನ ಪತ್ರ ಟೈಪ್ ಮಾಡಿಸಿ ನನ್ನ ಟೇಬಲ್ಲಿಗೆ ಕಳಿಸಿದ್ದಾರೆ. ಶಸ್ತ್ರಚಿಕಿತ್ಸೆ ವಿಭಾಗದ ಮುಖ್ಯಸ್ಥೆಯ ಸಹಿ ಇಲ್ಲದೆ ನಿಮ್ಮ ತಂಡಕ್ಕೆ ಥಿಯೇಟರ್ ಬಿಟ್ಟುಕೊಡುವಂತಿಲ್ಲ. ದಿನಾ ಬೆಳಿಗ್ಗೆ ಬಾಗಿಲಲ್ಲಿ ತಲೆ ಹಾಕಿ, "ಮೇಡಂ, ಬ್ಯಾನರ್ ಬರೆಸೋಕೆ ಕೊಟ್ಬಿಡ್ಲಾ?" ಎನ್ನುತ್ತಾರೆ. ಸಹಿ ಹಾಕಿಲ್ಲ. ಹಾಕುವುದೂ ಇಲ್ಲ. ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ: ನೀವು ಈ ವರ್ಷ ಬರಬೇಡಿ.

ಹೊಟ್ಟೆಕಿಚ್ಚು ಎನ್ನುತ್ತೀಯ. ಭಾವನೂ ಹಾಗೇ ಎನ್ನುತ್ತಾರೆ, ಮೆತ್ತಗೆ ಎನ್ನುತ್ತಾರೆ ಅಷ್ಟೆ. ಹೊಟ್ಟೆಕಿಚ್ಚು ಇದೆ, ಇಲ್ಲವೆಂದು ಯಾರಿಗೆ ಹೇಳಲಿ? ವರ್ಷವಿಡೀ ನನಗೆ ಕೈ ಮುಗಿಯದ ಜನ ನಿನ್ನ ಬಸ್ಸು ಗೇಟಿನೊಳಗೆ ಬಂದ ಕೂಡಲೇ ಎದ್ದು ನಿಲ್ಲುತ್ತಾರೆ. ಹಿತ್ತಲ ಗಿಡ ಮದ್ದಲ್ಲ, ಗೊತ್ತು. ಅದನ್ನು ನುಂಗಿಕೊಂಡು ಇಷ್ಟು ವರ್ಷ ಕಳೆದೆ. ಆದರೆ ಈ ಸಲದ ಸಿಟ್ಟಿಗೆ ಹೊಟ್ಟೆಕಿಚ್ಚು ಕಾರಣವಲ್ಲ. ಮುಂದೆ ಓದು, ಗೊತ್ತಾಗುತ್ತದೆ.

ನಮ್ಮ ಆಸ್ಪತ್ರೆಯ ಬಸ್ ಡ್ರೈವರ್ ನೆನಪಿದ್ದಾನಾ? ಪ್ರತಿ ವರ್ಷ ವಿಮಾನ ನಿಲ್ದಾಣದಿಂದ ನಿಮ್ಮನ್ನು ಕರೆದುಕೊಂಡು ಬರುತ್ತಿದ್ದವನು. ಗುಂಡಿ ಕಂಡರೆ ಬಸ್ಸಿಗೆ ನೋವಾಗುತ್ತದೆ ಎನ್ನುವಂತೆ ಓಡಿಸುತ್ತಿದ್ದ, ಅದಕ್ಕೆ ಎಲ್ಲರೂ 'ನಿಧಾನಪ್ಪ' ಎನ್ನುತ್ತಿದ್ದೆವು. ನಿನ್ನ ಹತ್ತಿರ ಫೋಟೋ ಇದ್ದೇ ಇರುತ್ತದೆ. ಹೋದ ವರ್ಷ ಬಸ್ಸಿನ ಮುಂದೆ ನೀವೆಲ್ಲ ಹಲ್ಲು ಕಿಸಿದು ನಿಂತಿದ್ದೀರಲ್ಲ, ಆ ಫೋಟೋದ ಮೂಲೆಯಲ್ಲಿ ಕ್ಯಾಮೆರಾ ಪೆಟ್ಟಿಗೆ ಎತ್ತುತ್ತಿರುವವನು ಅವನೇ. ನಿಮ್ಮ ಆ ಕಬ್ಬಿಣದಂಥ ಪೆಟ್ಟಿಗೆಗಳನ್ನೆಲ್ಲ ಒಬ್ಬನೇ ಇಳಿಸಿದ, ಹೊರಡುವಾಗ ಒಬ್ಬನೇ ಏರಿಸಿದ. ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಹರ್ನಿಯಾ ಇಟ್ಟುಕೊಂಡು.

ಹೊರಡುವ ದಿನ ಅವನು ನಾಚಿಕೊಳ್ಳುತ್ತ ನಿನಗೆ ತೋರಿಸಿದ. ನಾನು ಪಕ್ಕದಲ್ಲೇ ಇದ್ದೆ. "ಮೇಡಂ, ನಮ್ಮ ಚಿಕ್ಕ ಮೇಡಂ ಮಾಡ್ತೀನಿ ಅಂತಾರೆ, ಆದರೆ ನೀವು ಹೇಗೂ ಬಂದಿದೀರಲ್ಲ" ಎಂದ. ನೀನು ಅವನ ಹೆಗಲ ಮೇಲೆ ಕೈ ಇಟ್ಟು, "ಈ ಸಲ ಆಗಲ್ಲ ಕಣಪ್ಪ, ಮುಂದಿನ ಸಲ ನಿಂದೇ ಮೊದಲು. ಕ್ಯಾಮೆರಾದಲ್ಲಿ ಮಾಡ್ತೀನಿ, ಗಾಯಾನೇ ಕಾಣಲ್ಲ" ಎಂದೆ. ನನ್ನ ಕಡೆ ತಿರುಗಿ ನಕ್ಕೆ. ಆಮೇಲೆ ಬಸ್ಸು ಹತ್ತಿದೆ.

ಆವತ್ತಿನಿಂದ ಅವನು ನನ್ನ ಕೈಗೆ ಸಿಗಲಿಲ್ಲ. ವರಾಂಡದಲ್ಲಿ ಕಂಡಾಗೆಲ್ಲ ಕೇಳುತ್ತಿದ್ದೆ: "ಯಾವಾಗ ಬರ್ತೀಯ? ನಾಳೆ ಅಡ್ಮಿಟ್ ಆಗು, ಮೂರನೇ ದಿನ ಮನೆಗೆ ಹೋಗು." ಅವನದು ಒಂದೇ ಉತ್ತರ. "ನೀವೂ ಚೆನ್ನಾಗೇ ಮಾಡ್ತೀರಿ ಮೇಡಂ, ಇಲ್ಲ ಅನ್ನಲ್ಲ. ಆದರೆ ಅವರು ಮಾತು ಕೊಟ್ಟಿದಾರಲ್ಲ. ಅಷ್ಟು ದೂರದಿಂದ ನನಗೋಸ್ಕರ ಬಂದಾಗ ನಾನು ಮಾಡಿಸ್ಕೊಂಡುಬಿಟ್ಟಿದ್ರೆ ಏನು ಚೆನ್ನಾಗಿರತ್ತೆ?" ನಿನಗೆ ಬೇಜಾರಾಗಬಾರದೆಂದು ಅವನು ಕಾಯುತ್ತಿದ್ದ, ಅಕ್ಕ. ಮರ್ಯಾದಸ್ಥ.

ಒಂದು ಮಧ್ಯಾಹ್ನ ಅವನ ಹೆಂಡತಿ ಅವನನ್ನು ಆಟೋದಲ್ಲಿ ಕರೆತಂದಳು. ಹಿಂದಿನ ದಿನದಿಂದ ವಾಂತಿ, ಗಡ್ಡೆ ಕಲ್ಲಿನಂತೆ ಗಟ್ಟಿ, ಹೊಟ್ಟೆ ಉಬ್ಬಿ ನಿಂತಿತ್ತು. ಒಳಗೆ ಸಿಕ್ಕಿಕೊಂಡಿದ್ದ ಕರುಳು ಕಪ್ಪಾಗಿತ್ತು. ಕತ್ತರಿಸಿದೆ, ಕೂಡಿಸಿದೆ. ನಿನಗೆ ವಿವರಿಸುವುದೇನಿದೆ, ನೀನೇ ಇದ್ದಿದ್ದರೂ ಅಷ್ಟೇ ಮಾಡುತ್ತಿದ್ದೆ. ನಂಜು ಮೈಗೆಲ್ಲ ಏರಿತ್ತು. ವಾರ ಕಳೆಯುವಷ್ಟರಲ್ಲಿ ಹೋಗಿಬಿಟ್ಟ.

ಅವನ ಹೆಂಡತಿ ಅಳಲಿಲ್ಲ. ನನ್ನ ಕೋಣೆಗೆ ಬಂದು ಬಸ್ಸಿನ ಬೀಗದ ಕೈ ಟೇಬಲ್ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೆತ್ತಗೆ ಹೇಳಿದಳು: "ದೊಡ್ಡ ಡಾಕ್ಟ್ರು ಇಲ್ಲೇ ಇದ್ದಿದ್ರೆ ಉಳೀತಿದ್ರೇನೋ." ನನ್ನನ್ನು ನೋಯಿಸಲು ಹೇಳಿದ್ದಲ್ಲ. ಹಾಗೆಂದು ನಂಬಿದ್ದಳು. ಈಗಲೂ ನಂಬಿದ್ದಾಳೆ. ನಾನು "ಹೂಂ" ಎಂದೆ. ದೊಡ್ಡ ಡಾಕ್ಟರನ್ನು ಕಾಯದೇ ಇದ್ದಿದ್ದರೆ ಉಳಿಯುತ್ತಿದ್ದ ಎಂದು ವಿಧವೆಯ ಮುಂದೆ ಹೇಳುವಷ್ಟು ಕಲ್ಲು ನಾನಲ್ಲ. ಅದನ್ನು ನಿನಗೆ ಹೇಳುತ್ತಿದ್ದೇನೆ.

ಅವನೊಬ್ಬನೇ ಎಂದುಕೊಳ್ಳಬೇಡ. ನಮ್ಮ ಹೆಡ್ ಸಿಸ್ಟರ್ ಹೇಳುವುದನ್ನು ಕೇಳು: "ಮೇಡಂ, ಈ ಊರಲ್ಲಿ ಹರ್ನಿಯಾ ಇರೋರೆಲ್ಲ ನಿಮ್ಮಕ್ಕನ ದಾರಿ ಕಾಯ್ತಾ ಕೂತಿದಾರೆ. ಹರ್ನಿಯಾ ಮಾತ್ರ ಯಾರ ದಾರೀನೂ ಕಾಯಲ್ಲ." ನಿಮ್ಮ ಬ್ಯಾನರ್ ಗೇಟಿಗೆ ಬಿದ್ದ ದಿನದಿಂದ ನನ್ನ ಓಪಿಡಿಯಲ್ಲಿ ಆಪರೇಷನ್ನಿಗೆ ಒಪ್ಪುವವರೇ ಇರುವುದಿಲ್ಲ. ನೋವು ತಡೆಯಲು ಮಾತ್ರೆ ಬರೆಸಿಕೊಂಡು ಹೋಗುತ್ತಾರೆ. ನೀವು ಬಂದಾಗ ಗೇಟಿನ ಹೊರಗೆ ಸಾಲು ನಿಂತಿರುತ್ತದಲ್ಲ, ಅದನ್ನು ನೋಡಿ ನಿನ್ನ ತಂಡದ ಹುಡುಗಿಯೊಬ್ಬಳು ಕಣ್ಣೀರು ಹಾಕಿದ್ದಳು, 'ಪಾಪ, ಇವರಿಗೆ ಡಾಕ್ಟರೇ ಇಲ್ಲ' ಎಂದು. ಆ ಸಾಲಿನಲ್ಲಿ ಅರ್ಧ ಜನಕ್ಕೆ ನಾನೇ ಆಪರೇಷನ್ ಮಾಡುತ್ತೇನೆಂದು ಹೇಳಿ ಕಳಿಸಿದ್ದೆ. ಸಾಲು ಬೆಳೆಸಿದ್ದು ನೀವು.

ತರಬೇತಿ ಕೊಟ್ಟೆವಲ್ಲ ಎನ್ನುತ್ತೀಯ. ಕೊಟ್ಟಿರಿ. ನನ್ನನ್ನೂ ನನ್ನ ಜೂನಿಯರ್ ಸರ್ಜನ್ ಹುಡುಗಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೊಟ್ಟೆಗೆ ಸಣ್ಣ ತೂತು ಹಾಕಿ ಕ್ಯಾಮೆರಾ ತೂರಿಸಿ ಪರದೆ ನೋಡಿಕೊಂಡು ಹರ್ನಿಯಾ ಹೊಲಿಯುವುದನ್ನು ಕಲಿಸಿದಿರಿ. ಚೆನ್ನಾಗಿ ಕಲಿಸಿದಿರಿ. ಕೊನೆಯ ದಿನ ಚೌಕಟ್ಟು ಹಾಕಿದ ಸರ್ಟಿಫಿಕೇಟ್ ಕೊಟ್ಟು, ಕ್ಯಾಮೆರಾ, ಪರದೆ, ಕೊಳವೆ ಎಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೊರಟಿರಿ. ಈಜು ಕಲಿಸಿ, ಹೋಗುವಾಗ ಕೆರೆಯನ್ನೂ ಹೊತ್ತುಕೊಂಡು ಹೋದ ಹಾಗಾಯಿತು. ಆ ಹುಡುಗಿ ಕೆಲವು ದಿನ ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಒಳಗೆ ಮೊಬೈಲ್ ಇಟ್ಟು, ಇಕ್ಕಳದಿಂದ ರಬ್ಬರ್ ಬ್ಯಾಂಡ್ ಎತ್ತುವುದನ್ನು ಅಭ್ಯಾಸ ಮಾಡಿದಳು. ಆಮೇಲೆ ಸರ್ಟಿಫಿಕೇಟ್ ಬ್ಯಾಗಿನಲ್ಲಿಟ್ಟುಕೊಂಡು, ಅಂಥ ಯಂತ್ರವಿರುವ ಖಾಸಗಿ ಆಸ್ಪತ್ರೆಗೆ ಹೊರಟುಹೋದಳು. ಹೋಗುವಾಗ ಅತ್ತಳು, ನಾನೇ ಸಮಾಧಾನ ಮಾಡಿದೆ. ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ನೀವು ತರಬೇತಿ ಕೊಡುವ ಮೊದಲು ಇಲ್ಲಿ ಇಬ್ಬರು ಸರ್ಜನ್‌ಗಳಿದ್ದೆವು, ಈಗ ನಾನೊಬ್ಬಳೇ. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಇನ್ನು ನಿಮ್ಮ ಹುಡುಗರು. ನಿಮ್ಮ ದೇಶದಲ್ಲಿ ಯಾರೂ ಹರ್ನಿಯಾವನ್ನು ಇಷ್ಟು ದೊಡ್ಡದಾಗಲು ಬಿಡುವುದಿಲ್ಲವಂತೆ, ಅದಕ್ಕೇ ಅವರಿಗೆ ಇಲ್ಲಿಗೆ ಬಂದರೆ ತುಂಬ ಉಪಯೋಗವಂತೆ. ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ಹಾಗೆಂದ, ನನ್ನೆದುರೇ, ಖುಷಿಯಿಂದ. ಹಾಗಾದರೆ ತರಬೇತಿ ಯಾರಿಂದ ಯಾರಿಗೆ? ನಮ್ಮ ಜನರ ಮೈಮೇಲೆ ಕೈ ಪಳಗಿಸಿಕೊಂಡು ಹೋಗುವವರು ಅವರು, ಸರ್ಟಿಫಿಕೇಟಿಗೆ ತಲೆಬಾಗಿ ಥ್ಯಾಂಕ್ಸ್ ಹೇಳುವವರು ನಾವು.

ಅದೆಲ್ಲ ಹಾಳಾಗಲಿ. ನನಗೆ ಎಲ್ಲಕ್ಕಿಂತ ಮೈ ಉರಿಯುವುದು ನೀವು ಹೊರಡುವ ರೀತಿ. ಹೊಲಿಗೆ ಬಿಚ್ಚುವ ದಿನದವರೆಗೆ ನೀವು ಯಾವತ್ತೂ ನಿಂತಿಲ್ಲ. ಬಂದ ಪುಟ್ಟ, ಹೋದ ಪುಟ್ಟ. ಮತ್ತೆ ಗಾಯ ಕೆಂಪಾದವರು, ಕೀವು ಸೋರುವವರು, ಹರ್ನಿಯಾಕ್ಕೆ ಒಳಗೆ ಹೊಲಿದ ಜಾಲರಿ ಕಿತ್ತುಕೊಂಡು ಬಂದವರು, ಉಚ್ಚೆ ಕಟ್ಟಿದವರು, ಎಲ್ಲರೂ ನನ್ನ ಬೆಂಚಿನ ಮೇಲೆ. ಗಾಯ ವಾಸಿಯಾದರೆ 'ಆ ದೊಡ್ಡ ಡಾಕ್ಟ್ರ ಕೈಗುಣ'. ಕೀವಾದರೆ 'ಈಯಮ್ಮ ಡ್ರೆಸ್ಸಿಂಗ್ ಸರಿ ಮಾಡಲಿಲ್ಲ'. ಹೋದ ಸಲ ನಿನ್ನ ಹುಡುಗನೊಬ್ಬ ಹಾಕಿದ ಹೊಲಿಗೆಯಲ್ಲಿ ಕೀವಾಗಿ ಬಂದ ಅಡುಗೆ ಭಟ್ಟನೊಬ್ಬ ನನಗೇ ಬುದ್ಧಿ ಹೇಳಿದ: "ಅವರು ಅಷ್ಟು ಚೆನ್ನಾಗಿ ಮಾಡಿಕೊಟ್ಟು ಹೋಗಿದ್ರು, ನೀವು ಸ್ವಲ್ಪ ನೋಡ್ಕೋಬಾರ್ದಿತ್ತಾ?"

ಚಿಕ್ಕಂದಿನಲ್ಲಿ ಅಮ್ಮನ ಟೈಲರಿಂಗ್ ಅಂಗಡಿಯಲ್ಲೂ ಹೀಗೇ ಅಲ್ಲವೇ? ಮಷೀನ್ ನಿನಗೆ, ಬ್ಲೇಡು ನನಗೆ. ಸಡಿಲ ಮಾಡಲು ಬಂದ ರವಿಕೆಗಳ ಹಳೆ ಹೊಲಿಗೆಯನ್ನು ಮೂಲೆಯಲ್ಲಿ ಕೂತು ಬಿಚ್ಚುವುದು ನನ್ನ ಕೆಲಸ, ಹೊಸದಾಗಿ ಹೊಲಿಯುವುದು ನಿನ್ನದು. ಗಿರಾಕಿ ಬಂದಾಗ ಅಮ್ಮ ಬಟ್ಟೆ ಬಿಡಿಸಿ ತೋರಿಸಿ, "ನಮ್ಮ ದೊಡ್ಡವಳ ಹೊಲಿಗೆ, ನೋಡಿ" ಎನ್ನುತ್ತಿದ್ದಳು. ಒಂದು ದಿನ ನನಗೂ ಮಷೀನ್ ಬೇಕು ಎಂದು ಹಟ ಹಿಡಿದೆ. ದಿಂಬಿನ ಕವರು ಕೊಟ್ಟಳು. ಹೊಲಿದು ತಂದುಕೊಟ್ಟೆ. ಕನ್ನಡಕ ಏರಿಸಿ ನೋಡಿ, ಬ್ಲೇಡನ್ನು ನನ್ನ ಕಡೆ ಸರಿಸಿದಳು. ನೀನು ನಕ್ಕೆ. ಈಗಲೂ ಆ ನಗು ಕಿವಿಯಲ್ಲಿದೆ. ಹೋದ ವರ್ಷ ನನ್ನ ಥಿಯೇಟರಿನಲ್ಲಿ, ನನ್ನ ನರ್ಸುಗಳ ಎದುರು, ಗಾಯ ಅಗಲಿಸುವ ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟು ನಿಮ್ಮವರಿಗೆ ಪರಿಚಯ ಮಾಡಿಸಿದೆಯಲ್ಲ, "ಇವಳು ನನ್ನ ತಂಗಿ, ಕೈ ಒಳ್ಳೆಯದು, ಸ್ವಲ್ಪ ಪಳಗಬೇಕು" ಎಂದು. ಆಗಲೂ ಅದೇ ನಗು.

ನೀನು ಕೆಟ್ಟ ಸರ್ಜನ್ ಆಗಿದ್ದರೆ ಈ ಕಾಗದ ಬರೆಯುವುದು ಸುಲಭವಿತ್ತು. ನೀನು ಒಳ್ಳೆಯವಳು. ಮೊದಲ ವರ್ಷ ಬಂದಾಗ ಕುತ್ತಿಗೆಯ ಗಡ್ಡೆಯ ಆ ಹೆಂಗಸಿಗೆ ನಾವಿಬ್ಬರೂ ಸೇರಿ ಮಾಡಿದ ಆಪರೇಷನ್ ನನಗೆ ಇನ್ನೂ ನೆನಪಿದೆ. ರಕ್ತನಾಳಕ್ಕೆ ಒಂದೇ ಕೈಯಲ್ಲಿ ಗಂಟು ಹಾಕುವುದನ್ನು ಆವತ್ತು ನಿನ್ನಿಂದ ಕಲಿತೆ, ಇವತ್ತಿಗೂ ಹಾಗೇ ಹಾಕುತ್ತೇನೆ. ಆ ವರ್ಷ ಯಾರೂ ಬ್ಯಾನರ್ ಕಟ್ಟಿರಲಿಲ್ಲ, ನೀನೊಬ್ಬಳೇ ಬಂದು ತಿಂಗಳಿಡೀ ಇದ್ದೆ. ಬೆಳಿಗ್ಗೆ ನನ್ನ ಜೊತೆ ವಾರ್ಡು ಸುತ್ತಿದೆ. ನಿನಗೆ ತಂಡ ಬಂತು, ಬಸ್ಸು ತುಂಬಿತು, ಅಲ್ಲಿಂದ ಕೆಟ್ಟಿತು.

ಹಾಗಾಗಿ ಸಹಿ ಹಾಕುವುದಿಲ್ಲ. ಸೂಪರಿಂಟೆಂಡೆಂಟ್ ಸಾಹೇಬರು ಮೇಲಿನವರಿಗೆ ದೂರು ಕೊಡುತ್ತಾರೆ, ಕೊಡಲಿ. ಊರಿನವರು ಬೈಯುತ್ತಾರೆ, ಬೈಯಲಿ. ನೀನು ಒಬ್ಬಳೇ ಬರುವುದಾದರೆ, ಹೊಲಿಗೆ ಬಿಚ್ಚುವವರೆಗೆ ನಿಲ್ಲುವುದಾದರೆ, ಕೊಕ್ಕೆ ಹಿಡಿಯಲು ತಯಾರಿದ್ದರೆ, ಬಾ. ಕ್ಯಾಮೆರಾ ತರುವುದಾದರೆ ಬಿಟ್ಟುಹೋಗಲು ತಾ. ಅದಾಗುವುದಿಲ್ಲವಾದರೆ ಫೋಟೋಗಳಿಗೆ ಬೇರೆ ಊರು ಹುಡುಕಿಕೋ.

ಮೊದಲ ದಿನದ ಮೊದಲ ಜಾಗ ಖಾಲಿ ಇಡು ಎಂದಿದ್ದೆಯಲ್ಲ. ಮೇಲ್ ಓದಿದಾಗ ನಿಧಾನಪ್ಪನಿಗೆ ಕೊಟ್ಟ ಮಾತು ನಿನಗೆ ನೆನಪಿದೆ ಎಂದುಕೊಂಡೆ. ಸಿಟ್ಟಿನ ನಡುವೆಯೂ ಮನಸ್ಸು ಒಂದಿಷ್ಟು ಕರಗಿತ್ತು. ಅವನು ತೀರಿಕೊಂಡದ್ದು ಅವಳಿಗೆ ಹೇಗೆ ಗೊತ್ತಾಗಬೇಕು, ಪಾಪ, ಮಾತು ಉಳಿಸಿಕೊಳ್ಳಲು ನೋಡುತ್ತಿದ್ದಾಳೆ ಎಂದು. ಆವತ್ತೇ ಉತ್ತರ ಬರೆದಿದ್ದರೆ ಬಹುಶಃ ಇಷ್ಟು ಖಾರ ಇರುತ್ತಿರಲಿಲ್ಲ.

ಭಾವನಿಗೆ ನಮಸ್ಕಾರ. ಅವರ ಮೊಣಕಾಲು ನೋವಿಗೆ ನಡೆಯುವುದೇ ಮದ್ದು ಎಂದು ಹೇಳು, ನಾನು ಹೇಳಿದೆ ಎನ್ನಬೇಡ, ನಂಬುವುದಿಲ್ಲ. ನಿನ್ನ ಮಗಳಿಗೆ ಈ ಚಿಕ್ಕಮ್ಮನ ಮುತ್ತುಗಳು. ಅವಳಿಗೂ ಡಾಕ್ಟರಾಗುವ ಆಸೆಯಂತೆ, ಒಳ್ಳೆಯದಾಗಲಿ, ನೂರು ಕಾಲ ಬಾಳಲಿ. ಹೊಲಿಯುವುದಕ್ಕಿಂತ ಮೊದಲು ಬಿಚ್ಚುವುದನ್ನು ಕಲಿಸು.

ಇತಿ,
ನಿನ್ನ ತಂಗಿ
(ಇನ್ನೂ ತಂಗಿಯೇ)

ತಾ.ಕ.: ಅಮ್ಮನ ವಿಷಯ ಕೊನೆಯಲ್ಲಿ ಬರೆಯುತ್ತೇನೆ ಎಂದಿದ್ದೆ.

ಆ ಖಾಲಿ ಜಾಗ ಡ್ರೈವರಿಗೆ ಅಲ್ಲ ಎಂದು ನನಗೆ ಈಗ ಗೊತ್ತು. ಅದು ಅಮ್ಮನದು.

ಎರಡು ವಾರದ ಹಿಂದೆ, ಊಟದ ಹೊತ್ತಿಗೆ ಮನೆಗೆ ಬಂದರೆ ಅಮ್ಮ ಬಚ್ಚಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು. ಹೊಟ್ಟೆ ಮುಟ್ಟಲು ಬಿಡಲಿಲ್ಲ. ಬೈದು, ಎತ್ತಿ ಮಂಚಕ್ಕೆ ಹಾಕಿ, ಸೀರೆ ಸಡಿಲಿಸಿ ನೋಡಿದೆ. ತೊಡೆ ಸೇರುವಲ್ಲಿ ನೆಲ್ಲಿಕಾಯಿಯಷ್ಟು ಗಟ್ಟಿ ಗಂಟು, ಮುಟ್ಟಿದರೆ ಕಿರುಚುತ್ತಾಳೆ. "ಎಷ್ಟು ದಿನದಿಂದ ಇದೆ ಅಮ್ಮ ಇದು?" ಎಂದೆ. "ಬೇಸಿಗೆಯಿಂದ ಇದೆ" ಎಂದಳು, ಪೇಟೆಗೆ ಹೋಗಿ ಬಂದೆ ಎನ್ನುವ ಹಾಗೆ. "ದೊಡ್ಡವಳಿಗೆ ಫೋನಲ್ಲಿ ಹೇಳಿದ್ದೀನಿ. ನಾನೇ ಬಂದು ಮಾಡ್ತೀನಿ, ಚಿಕ್ಕವಳಿಗೆ ಹೇಳ್ಬೇಡ, ಸುಮ್ನೆ ಗಾಬರಿ ಮಾಡ್ಕೋತಾಳೆ ಅಂದಿದಾಳೆ."

ಹೌದೇನೇ? ಸುಮ್ಮನೆ ಗಾಬರಿ ಮಾಡಿಕೊಳ್ಳುತ್ತೇನೆಯೇ? ವಯಸ್ಸಾದ ಹೆಂಗಸಿಗೆ ಆ ಜಾಗದಲ್ಲಿ ಗಂಟು ಕಂಡರೆ ಒಂದು ದಿನವೂ ಕಾಯಬಾರದು ಎನ್ನುವುದು ಪುಸ್ತಕದ ಮೊದಲ ಪಾಠ. ನೀನೇ ನನ್ನ ಪರೀಕ್ಷೆಗೆ ಮೊದಲು ಬಾಯಿಪಾಠ ಮಾಡಿಸಿದ್ದೆ. ಅವಳು ನನ್ನ ಜೊತೆ ಒಂದೇ ಮನೆಯಲ್ಲಿದ್ದಾಳೆ. ಥಿಯೇಟರು ಕಾಂಪೌಂಡಿನ ಆ ಕಡೆಗಿದೆ. ಸಮುದ್ರದಾಚೆ ಕೂತ ನೀನು ಅವಳಿಗೆ ಕಾಯಲು ಹೇಳಿದೆ, ಮತ್ತು ನನಗೆ ಹೇಳಬೇಡ ಎಂದೆ. ಊರಿನವರಿಗೆ ನೀನು ಉಪಕಾರಿ, ಮನೆಗೆ ಏನು ಎನ್ನುವುದನ್ನು ಗಾದೆಯೇ ಹೇಳುತ್ತದೆ.

ಬೇರೆ ಸರ್ಜನ್ ಇರಲಿಲ್ಲ. ಇದ್ದವಳನ್ನು ನೀವು ತರಬೇತಿ ಕೊಟ್ಟು ಕಳಿಸಿದ್ದಿರಿ, ಮೇಲೆ ನೆನಪಿಟ್ಟುಕೋ ಎಂದಿದ್ದೆನಲ್ಲ. ಇನ್ನೊಂದು ಆಸ್ಪತ್ರೆ ತಲುಪುವಷ್ಟರಲ್ಲಿ ಕರುಳು ಸಾಯುತ್ತಿತ್ತು. ಮಂಪರು ಕೊಡುವ ಡಾಕ್ಟರ್, ಯಾವಾಗಲೂ ತಮಾಷೆ ಮಾಡುವ ಮನುಷ್ಯ, ಆವತ್ತು ಮುಖ ಸಣ್ಣಗೆ ಮಾಡಿಕೊಂಡು, "ಸ್ವಂತ ತಾಯಿ ಮೇಡಂ. ಬೇಡ, ಕೈ ನಡುಗತ್ತೆ" ಎಂದರು. "ಹಾಗಾದ್ರೆ ನೀವು ಕತ್ತರಿಸ್ತೀರಾ, ನಾನು ಮಂಪರು ಕೊಡ್ತೀನಿ" ಎಂದೆ. ಹೋಗಿ ಸಿರಿಂಜು ತುಂಬಿದರು. ಕೊಕ್ಕೆ ಹಿಡಿದದ್ದು ಹೆಡ್ ಸಿಸ್ಟರ್.

ಕೈ ನಡುಗಲಿಲ್ಲ. ಗಂಟಿನ ಬುಡದಲ್ಲಿ ಬಿಗಿದಿದ್ದ ಕತ್ತನ್ನು ಸಡಿಲಿಸಿ ಕರುಳನ್ನು ಹೊರಗೆ ತಂದಾಗ ನೇರಳೆ ಬಣ್ಣಕ್ಕಿತ್ತು. ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾದೆ. ನಿಧಾನಪ್ಪನ ಕರುಳು ಕಣ್ಣ ಮುಂದಿತ್ತು. ಎಲ್ಲರೂ ನಿನ್ನನ್ನು ಕಾಯುವ ಊರಿನಲ್ಲಿ ನಾನು ಒಂದು ತುಂಡು ಕರುಳು ಕೆಂಪಾಗುವುದನ್ನು ಕಾಯುತ್ತ ನಿಂತೆ. ಬಟ್ಟೆ ತೆಗೆದಾಗ ಕೆಂಪಾಗಿತ್ತು, ಮೆಲ್ಲಗೆ ಹೊರಳುತ್ತಿತ್ತು. ಹೆಡ್ ಸಿಸ್ಟರ್ ಮಾಸ್ಕಿನೊಳಗೇ ಬಿಕ್ಕಿದರು. ನಾನು ಅಳಲಿಲ್ಲ, ಹೊಲಿಯುವ ಕೆಲಸ ಬಾಕಿ ಇತ್ತು. ಚರ್ಮಕ್ಕೆ ಹೊಲಿಗೆ ಹಾಕಲು ಯಾವತ್ತೂ ತೆಗೆದುಕೊಳ್ಳದಷ್ಟು ಹೊತ್ತು ತೆಗೆದುಕೊಂಡೆ. ಒಂದೊಂದನ್ನೂ ಅಳೆದು ಹಾಕಿದೆ.

ಮಂಪರು ಇಳಿಯುವಾಗ ಅಮ್ಮ ಕಣ್ಣು ಬಿಡದೆಯೇ ಕೇಳಿದಳು: "ದೊಡ್ಡವಳು ಬಂದ್ಲಾ? ಅವಳೇ ಮಾಡಿದ್ಲಾ?"

"ಹೂಂ" ಎಂದೆ. ಆ ಹೊತ್ತಿಗೆ ಅವಳಿಗೆ ನೆಮ್ಮದಿಯಾಗಲಿ ಎಂದು. ಮಂಪರಿನಲ್ಲಿ ಕೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಅವಳಿಗೆ ಇತ್ತು. ಮರುದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋಗುವಷ್ಟರಲ್ಲಿ ಪಕ್ಕದ ಮಂಚದವಳಿಗೆ ಕಥೆ ಹೇಳಿ ಮುಗಿಸಿದ್ದಳು. "ಎಲ್ಲೇ ಅವಳು?" ಎಂದು ನನ್ನನ್ನು ಕೇಳಿದಳು. ನಿಜ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ, ಅಷ್ಟು ಬೆಳಕಾಗಿ ಎಷ್ಟು ವರ್ಷವಾಗಿತ್ತೋ. "ಹೋದಳಮ್ಮ" ಎಂದೆ. ಅವಳಿಗೆ ಒಂದು ಚೂರೂ ಆಶ್ಚರ್ಯವಾಗಲಿಲ್ಲ. "ಪಾಪ, ಅವಳಿಗೆಲ್ಲಿ ಪುರುಸೊತ್ತು. ಪ್ರತಿ ಸಲ ಹಾಗೇ ಅಲ್ವಾ?" ಎಂದಳು. ಮಗಳು ಸಮುದ್ರ ದಾಟಿ ಬಂದು, ತಾಯಿಯ ಹೊಟ್ಟೆ ಕೊಯ್ದು, ಮುಖವನ್ನೂ ನೋಡದೆ ಹೊರಟುಹೋದಳು ಎಂದರೆ ನಂಬದವರು ಈ ಊರಿನಲ್ಲಿ ಯಾರೂ ಇಲ್ಲ ಅಕ್ಕ. ನಿನ್ನನ್ನು ಅಷ್ಟು ಚೆನ್ನಾಗಿ ಬಲ್ಲರು.

ಅವಳ ಫೋನ್ ರಿಪೇರಿಗೆ ಹೋಗಿದೆ ಎಂದು ಹೇಳಿದ್ದೇನೆ. ನನ್ನ ಬೀರುವಿನಲ್ಲಿದೆ. ಈ ಕಾಗದ ನಿನಗೆ ಮುಟ್ಟಿದ ಮೇಲೆ ರಿಪೇರಿಯಾಗುತ್ತದೆ, ಅವಳು ಫೋನ್ ಮಾಡುತ್ತಾಳೆ. ಥ್ಯಾಂಕ್ಸ್ ಹೇಳುತ್ತಾಳೆ, ಅಳುತ್ತಾಳೆ, ಹೊಗಳುತ್ತಾಳೆ. ನಾನಲ್ಲ ಎಂದು ದೊಡ್ಡತನ ತೋರಿಸಲು ಹೋಗಬೇಡ. ಸುಮ್ಮನೆ ತೆಗೆದುಕೋ, ನಿನಗೆ ಅಭ್ಯಾಸವಿದೆಯಲ್ಲ.

ನಿನ್ನೆ ಹೊಲಿಗೆ ಬಿಚ್ಚಿದೆ. ಕಿಟಕಿಯ ಪಕ್ಕ ಮಲಗಿಸಿ ಬ್ಯಾಂಡೇಜ್ ತೆಗೆದಾಗ ಅಮ್ಮ ಕನ್ನಡಕ ಕೇಳಿದಳು. ಕೊಟ್ಟೆ. ಕತ್ತು ಎತ್ತಿ, ಬಟ್ಟೆ ಹೊಲಿದು ಹೊಲಿದು ಪಳಗಿದ ಆ ಕಣ್ಣಿನಿಂದ ತುಂಬ ಹೊತ್ತು ನೋಡಿದಳು. ಒಂದೂ ಓರೆಯಿಲ್ಲ, ಒಂದೂ ಬಿಗಿಯಿಲ್ಲ, ಎಲ್ಲ ಒಂದೇ ಅಳತೆ.

"ನೋಡು, ಹೊಲಿಗೆ ಅಂದ್ರೆ ಇದು" ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಕತ್ತರಿ ಕಂಡು, "ನಿಧಾನ ಕಣೇ. ಅವಳು ಇಷ್ಟು ಚೆನ್ನಾಗಿ ಹೊಲಿದಿದ್ದಾಳೆ, ನೀನು ಬಿಚ್ಚೋವಾಗ ಹಾಳು ಮಾಡ್ಬಿಡ್ಬೇಡ" ಎಂದಳು.

ನಿಧಾನವಾಗಿಯೇ ಬಿಚ್ಚಿದೆ.